ಮುಂಡಿತ ಶಿರಸ್ಸೂ ಲೋಕದ ದೃಷ್ಟಿಯೂ

ಅಪರಿಚಿತನೊಬ್ಬನು ಎದುರಾದಾಗ ಲೋಕವು ಅವನ ಹೆಸರನ್ನು ಕೇಳುವುದಕ್ಕೆ ಮೊದಲೇ ಅವನ ತಲೆಯನ್ನು ನೋಡುತ್ತದೆ. ಆ ತಲೆ ಬೋಳಾಗಿದ್ದರೆ ನೋಡಿದವರ ಮನಸ್ಸು ಒಡನೆಯೇ ಒಂದು ತೀರ್ಪನ್ನು ಕೊಟ್ಟುಬಿಡುತ್ತದೆ. ಮೈಮೇಲೆ ಕಾವಿಯಿದ್ದರೆ ಸ್ವಾಮಿಗಳೆಂದು ಕೈಮುಗಿಯುತ್ತದೆ. ಬಿಳಿಯ ಪಂಚೆಯಿದ್ದು ಮುಖ ಬಾಡಿದ್ದರೆ ಮನೆಯಲ್ಲಿ ಸಾವಾಗಿದೆಯೆಂದು ಮರುಗುತ್ತದೆ. ನುಣ್ಣನೆಯ ತಲೆಗೆ ಗಂಧ ಬಳಿದುಕೊಂಡಿದ್ದರೆ ತಿರುಪತಿಗೆ ಹೋಗಿಬಂದನೆಂದು ಪ್ರಸಾದಕ್ಕೆ ಕೈಯೊಡ್ಡುತ್ತದೆ. ಇವಾವ ಗುರುತೂ ಇಲ್ಲದಿದ್ದರೆ ಸಂಶಯದಿಂದ ದೂರ ಸರಿಯುತ್ತದೆ. ತಲೆ ಒಂದೇ, ತೀರ್ಪು ನಾಲ್ಕು. ಇವುಗಳಲ್ಲಿ ಎಷ್ಟು ಭಾಗ ಆ ತಲೆಯಲ್ಲಿದೆ, ಎಷ್ಟು ಭಾಗ ನೋಡುವವನ ಕಣ್ಣಿನಲ್ಲಿದೆ ಎಂಬುದೇ ಇಲ್ಲಿ ವಿಚಾರಣೀಯವಾದುದು. ಲಾಂಛನವನ್ನು ಗೌರವಿಸುವುದನ್ನೂ ಆಚಾರವನ್ನು ಪರೀಕ್ಷಿಸುವುದನ್ನೂ ಒಟ್ಟಿಗೆ ಕಲಿಸಿದ ಶರಣಧರ್ಮದ ಗೃಹಸ್ಥನಿಗೆ ಈ ವಿಚಾರವು ದಿನನಿತ್ಯದ ಅಗತ್ಯವಾಗಿದೆ.

ಮುಂಡನದ ಅರ್ಥಭೇದಗಳು

ಸಂಸ್ಕೃತದಲ್ಲಿ ‘ಮುಂಡ’ ಎಂದರೆ ಕೇಶರಹಿತವಾದುದು. ಕನ್ನಡದ ‘ಬೋಳು’ ಎಂಬ ಮಾತಿಗೆ ಇನ್ನೂ ವಿಸ್ತಾರವಾದ ವ್ಯಾಪ್ತಿಯಿದೆ: ಎಲೆಯುದುರಿದ ಮರವೂ ಬೋಳು, ಗಿಡಮರಗಳಿಲ್ಲದ ಗುಡ್ಡವೂ ಬೋಳು. ಆದರೆ ‘ತಲೆ ಬೋಳಿಸುವುದು’ ಎಂಬ ಮಾತು ಆಡುನುಡಿಯಲ್ಲಿ ಮೋಸಮಾಡುವುದೆಂಬ ಅರ್ಥವನ್ನೂ ಪಡೆದಿದೆ. ಪೂಜ್ಯತೆಯ ಗುರುತೊಂದು ವಂಚನೆಯ ಹೆಸರೂ ಆದುದನ್ನು ನೋಡಿದರೆ, ಈ ವಿಷಯದಲ್ಲಿ ಜನಮನಸ್ಸು ಎಷ್ಟು ಕಾಲದಿಂದ ಇಬ್ಬಗೆಯಾಗಿದೆಯೆಂಬುದು ತಿಳಿಯುತ್ತದೆ.

ಮುಂಡನಕ್ಕೆ ಕಾರಣಗಳು ಹಲವು. ಮಗುವಿನ ಚೌಲ ಒಂದು ಸಂಸ್ಕಾರ. ತಂದೆತಾಯಿಗಳು ಕಾಲವಾದಾಗ ಮಗನು ತಲೆ ಬೋಳಿಸಿಕೊಳ್ಳುವುದು ಹಲವು ಸಮಾಜಗಳಲ್ಲಿರುವ ಶೋಕಾಚಾರ. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿಯೂ, ನಂಜನಗೂಡಿನ ಕಪಿಲಾತೀರದಲ್ಲಿಯೂ, ಮಲೆಯ ಮಹದೇಶ್ವರನ ಬೆಟ್ಟದಲ್ಲಿಯೂ ಮುಡಿ ಕೊಡುವುದು ಹರಕೆ. ಸಂನ್ಯಾಸಿಗೆ ಮುಂಡನವು ತ್ಯಾಗದ ಚಿಹ್ನೆ. ಜೈನ ಮುನಿಗಳು ಕತ್ತಿಯನ್ನು ಮುಟ್ಟದೆ ತಮ್ಮ ಕೈಯಿಂದಲೇ ಕೂದಲನ್ನು ಕೀಳುವ ಕೇಶಲೋಚವನ್ನು ಆಚರಿಸುತ್ತಾರೆ. ಬೈಲಕುಪ್ಪೆಯಲ್ಲಿ 1961ರ ಸುಮಾರಿಗೆ ಟಿಬೆಟ್ಟಿನ ನಿರಾಶ್ರಿತರು ನೆಲಸಿ, 1963ರಲ್ಲಿ ನಾಮ್‌ಡ್ರೋಲಿಂಗ್ ವಿಹಾರವು ಸ್ಥಾಪಿತವಾದಮೇಲೆ, ಮೈಸೂರು ಸೀಮೆಯ ಜನರಿಗೆ ಕೆಂಗಂದು ಬಣ್ಣದ ವಸ್ತ್ರದ ಮುಂಡಿತ ಭಿಕ್ಷುಗಳು ನಿತ್ಯದ ನೋಟವಾದರು. ವೀರಶೈವ ವಿರಕ್ತ ಪರಂಪರೆಯ ಅನೇಕ ಮಠಗಳಲ್ಲಿಯೂ ಮುಂಡನವು ರೂಢಿಯಲ್ಲಿದೆ. ಜಟಾಧಾರಿಗಳಾದ ಶಿವಯೋಗಿಗಳೂ ಉಂಟು.

ಇವೆಲ್ಲ ಮನಸ್ಸಾರೆ ಮಾಡಿಕೊಂಡ ಮುಂಡನಗಳು. ತಾನಾಗಿಯೇ ಬಂದೊದಗುವ ಬೋಳುತನವೂ ಉಂಟು. ವೈದ್ಯಶಾಸ್ತ್ರವು ಖಾಲಿತ್ಯ, ಇಂದ್ರಲುಪ್ತ ಎಂಬ ಹೆಸರುಗಳಿಂದ ಕೂದಲುದುರುವ ರೋಗಗಳನ್ನು ಬಹು ಹಿಂದೆಯೇ ವಿವರಿಸಿದೆ. ಇಂದಿನ ಕಾಲದಲ್ಲಿ ಕ್ಯಾನ್ಸರ್ ರೋಗಕ್ಕೆ ಕೊಡುವ ಕೆಲವು ಔಷಧಗಳು ಬೇಗ ಬೇಗನೆ ವೃದ್ಧಿಯಾಗುವ ಜೀವಕಣಗಳನ್ನೆಲ್ಲ ಘಾತಿಸುವುದರಿಂದ, ರೋಗದ ಕಣಗಳೊಡನೆ ಕೂದಲಿನ ಬೇರಿನ ಕಣಗಳೂ ಸೊರಗಿ ತಲೆ ಬೋಳಾಗುತ್ತದೆ. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಕೂದಲು ಮರಳಿ ಬೆಳೆಯುತ್ತದೆ. ಇಂಥ ರೋಗಿಯೊಬ್ಬನು ಬಸ್ಸಿನಲ್ಲಿ ಕುಳಿತಿರುವಾಗ ಪಕ್ಕದವನು “ಮನೆಯಲ್ಲಿ ಯಾರು ತೀರಿಕೊಂಡರು?” ಎಂದು ಕೇಳಿದರೆ, ಕೇಳಿದವನ ಮನಸ್ಸಿನಲ್ಲಿ ಕನಿಕರವೇ ಇರಬಹುದು, ಆದರೆ ಸಾವಿನೊಡನೆ ಹೋರಾಡುತ್ತಿರುವವನಿಗೆ ಆ ಮಾತು ಅಲಗಿನಂತೆ ನಾಟುತ್ತದೆ. ಕಾಣದುದನ್ನು ಕಂಡೆನೆಂದುಕೊಂಡ ದೃಷ್ಟಿಯು ಕರುಣೆಯಿಂದಲೂ ಹಿಂಸೆಮಾಡಬಲ್ಲದು.

ಅಪಶಕುನವೆಂಬ ಭ್ರಾಂತಿ

ಮುಂಡಿತನನ್ನು ಕಾಣುವುದೇ ಅಮಂಗಳವೆಂಬ ಭಾವನೆಯೂ ಹಳೆಯದು. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಬಾಗಿಲಿಗೆ ಕ್ಷಪಣಕನು ಬಂದಿರುವನೆಂದು ಕೇಳಿದೊಡನೆ ಅಮಾತ್ಯರಾಕ್ಷಸನಿಗೆ ಅದು ಅಪಶಕುನವೆಂದು ತೋರುತ್ತದೆ. ಶೂದ್ರಕನ ಮೃಚ್ಛಕಟಿಕದಲ್ಲಿ ಇದಕ್ಕಿಂತಲೂ ಬೋಧಪ್ರದವಾದ ಪ್ರಸಂಗವಿದೆ. ಉದಾರಿಯೂ ಸಜ್ಜನನೂ ಆದ ಚಾರುದತ್ತನು ಉದ್ಯಾನದಿಂದ ಹೊರಡುವಾಗ ಬೌದ್ಧಭಿಕ್ಷುವೊಬ್ಬನು ಎದುರಾಗುತ್ತಾನೆ. ಚಾರುದತ್ತನು ಅದನ್ನು ಅಶುಭದರ್ಶನವೆಂದು ಬಗೆದು ಬೇರೆ ದಾರಿ ಹಿಡಿಯುತ್ತಾನೆ. ದುಷ್ಟನಾದ ಶಕಾರನಾದರೋ ಅದೇ ಭಿಕ್ಷುವನ್ನು ಹಿಡಿದು ಹೊಡೆಯುತ್ತಾನೆ. ಆದರೆ ಮುಂದೆ ನಡೆಯುವುದೇನು? ಶಕಾರನು ಕೊರಳು ಹಿಸುಕಿ ಸತ್ತಳೆಂದು ತರಗೆಲೆ ಮುಚ್ಚಿಹೋದ ವಸಂತಸೇನೆಗೆ ನೀರೆರೆದು ಪ್ರಾಣವುಳಿಸುವವನು ಆ ಭಿಕ್ಷುವೇ. ಅವಳ ಕೊಲೆಯ ಅಪವಾದದಿಂದ ವಧ್ಯಸ್ಥಾನದಲ್ಲಿ ನಿಂತಿದ್ದ ಚಾರುದತ್ತನ ಮುಂದೆ ಅವಳನ್ನು ಜೀವಂತವಾಗಿ ತಂದು ನಿಲ್ಲಿಸುವವನೂ ಅವನೇ. ಯಾರ ದರ್ಶನವನ್ನು ಅಮಂಗಳವೆಂದು ಪರಿಹರಿಸಿದನೋ ಅವನಿಂದಲೇ ಚಾರುದತ್ತನ ತಲೆಯುಳಿಯಿತು. ದುರ್ಜನನು ಮಾತ್ರವಲ್ಲದೆ ಸಜ್ಜನನೂ ಕಣ್ಣಿನ ರೂಢಿಗೆ ವಶನಾಗುವನೆಂಬುದನ್ನು ಕವಿಯು ಇಲ್ಲಿ ತೋರಿಸಿದ್ದಾನೆ. ಗೃಹಸ್ಥನು ಎಚ್ಚರದಿಂದಿರಬೇಕಾದುದು ಈ ಎರಡನೆಯ ಸ್ಥಾನದಲ್ಲಿಯೇ; ಏಕೆಂದರೆ ಶಕಾರನ ದೋಷವು ಎಲ್ಲರಿಗೂ ಕಾಣುತ್ತದೆ, ಚಾರುದತ್ತನ ದೋಷವು ಅವನಿಗೇ ಕಾಣುವುದಿಲ್ಲ.

ಬೌದ್ಧರ ಸುತ್ತನಿಪಾತದಲ್ಲಿ ಇದೇ ವಿಷಯದ ಎರಡು ಪ್ರಸಂಗಗಳಿವೆ. ಶ್ರಾವಸ್ತಿಯಲ್ಲಿ ಭಿಕ್ಷೆಗೆ ಬಂದ ಬುದ್ಧನನ್ನು ಅಗ್ನಿಪೂಜಕನಾದ ಭಾರದ್ವಾಜನು ಬೋಳುತಲೆಯವನೆಂದೂ ಹೊಲೆಯನೆಂದೂ ಜರೆದು ದೂರದಲ್ಲಿಯೇ ತಡೆಯುತ್ತಾನೆ. ಬುದ್ಧನು ಕೋಪಿಸದೆ, ಯಾವ ಯಾವ ಕೃತ್ಯಗಳಿಂದ ಮನುಷ್ಯನು ಹೀನನಾಗುವನೆಂಬುದನ್ನು ಅವನಿಗೆ ತಿಳಿಸಿಹೇಳುತ್ತಾನೆ. ಕೋಸಲದ ಸುಂದರಿಕಾ ನದೀತೀರದಲ್ಲಿ ಮತ್ತೊಬ್ಬ ಭಾರದ್ವಾಜನು ಹೋಮಶೇಷವನ್ನು ಕೊಡಲು ಸತ್ಪಾತ್ರನನ್ನು ಅರಸುತ್ತ, ಮುಸುಕು ಹೊದೆದು ಕುಳಿತಿದ್ದ ಬುದ್ಧನ ಬಳಿಗೆ ಬರುತ್ತಾನೆ. ಮುಸುಕು ಸರಿದು ಬೋಳುತಲೆ ಕಂಡೊಡನೆ ಹಿಂದಿರುಗಲು ಹೊರಡುತ್ತಾನೆ. ಆದರೆ ತಲೆ ಬೋಳಿಸಿಕೊಂಡ ಬ್ರಾಹ್ಮಣರೂ ಇರುವರಲ್ಲವೆ ಎಂದು ನೆನೆದು ಮರಳಿ ಬಂದು ಜಾತಿಯನ್ನು ಕೇಳುತ್ತಾನೆ. ಜಾತಿಯನ್ನಲ್ಲ, ಆಚರಣೆಯನ್ನು ಕೇಳಬೇಕೆಂಬುದೇ ಅವನಿಗೆ ದೊರೆತ ಉತ್ತರ. ತಲೆಯಿಂದ ಜಾತಿಗೆ, ಜಾತಿಯಿಂದ ಯೋಗ್ಯತೆಗೆ ಹಾರುವ ಈ ತರ್ಕವು ಇಂದಿಗೂ ನಿಂತಿಲ್ಲ.

ಇನ್ನೊಂದು ಕಡೆಯನ್ನೂ ನೋಡಬೇಕು. ಹಿಂದೆ ಕೆಲವು ಕುಲಗಳಲ್ಲಿ ಗಂಡ ಸತ್ತ ಹೆಣ್ಣಿನ ತಲೆಯನ್ನು ಬಲವಂತವಾಗಿ ಬೋಳಿಸಿ, ಅವಳನ್ನು ಮಂಗಳಕಾರ್ಯಗಳಿಂದ ದೂರವಿಟ್ಟರು. ಅದೇ ಮುಂಡನದಿಂದ ಯತಿಯು ಪೂಜ್ಯನಾದನು, ವಿಧವೆಯು ಅಪಶಕುನವಾದಳು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯು ಈ ದುಃಖವನ್ನು ಕನ್ನಡಿಗರ ಮುಂದಿಟ್ಟಿದೆ. ಶುಭಾಶುಭಗಳು ಕೂದಲಿನಲ್ಲಿದ್ದಿದ್ದರೆ ಇಬ್ಬರಿಗೂ ಒಂದೇ ಫಲ ದೊರೆಯಬೇಕಾಗಿತ್ತು.

ಅತಿವಿಶ್ವಾಸವೆಂಬ ಇನ್ನೊಂದು ಭ್ರಾಂತಿ

ತಿರಸ್ಕಾರವು ಒಂದು ಕೊನೆಯಾದರೆ ವಿಚಾರವಿಲ್ಲದ ನಂಬಿಕೆಯು ಇನ್ನೊಂದು ಕೊನೆ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಗೂಢಚಾರರ ವರ್ಗಗಳನ್ನು ಹೇಳುವಾಗ, ತಲೆ ಬೋಳಿಸಿಕೊಂಡು ಅಥವಾ ಜಟೆ ಬಿಟ್ಟು ತಾಪಸರ ವೇಷದಲ್ಲಿರುವವರನ್ನೂ ಸೇರಿಸಿದ್ದಾನೆ. ಜನರು ಮುಂಡಿತನನ್ನು ಕಂಡು ಮನಸ್ಸು ಬಿಚ್ಚುವರೆಂಬುದು ಅರಸನ ನೀತಿಗೆ ಉಪಯೋಗವಾಯಿತು. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ಭಜಗೋವಿಂದ ಸ್ತೋತ್ರವೂ ಹೊಟ್ಟೆಗಾಗಿ ಹಾಕುವ ವೇಷಗಳಲ್ಲಿ ಜಟೆಯನ್ನೂ ಮುಂಡನವನ್ನೂ ಎಣಿಸುತ್ತದೆ. ಯತಿಧರ್ಮವನ್ನು ಎತ್ತಿಹಿಡಿದ ಸಂಪ್ರದಾಯವೇ ಯತಿವೇಷವನ್ನು ಹೀಗೆ ವಿಮರ್ಶಿಸಿದುದು ಗಮನಾರ್ಹವಾಗಿದೆ.

ಶರಣರ ನಿಲವು

ಹಾಗಾದರೆ ವೇಷವನ್ನು ಕಂಡು ನಮಿಸಬೇಕೆ, ಬಾರದೆ? ಪುರಾತನರ ಚರಿತೆಗಳು ಇದಕ್ಕೆ ಉತ್ತರಕೊಡುತ್ತವೆ. ಚೇರಮ ಪೆರುಮಾಳನು ಪಟ್ಟವೇರಿ ಆನೆಯ ಮೇಲೆ ಬರುತ್ತಿರುವಾಗ ಅಗಸನೊಬ್ಬನು ಎದುರಾದನು. ಅವನು ಹೊತ್ತಿದ್ದ ಸವಳುಮಣ್ಣು ಮಳೆಗೆ ನೆನೆದು ಮೈಮೇಲೆ ಇಳಿದು ಬೆಳ್ಳಗೆ ಒಣಗಿತ್ತು. ಅರಸನಿಗೆ ಅವನು ಸರ್ವಾಂಗ ಭಸ್ಮಧಾರಿಯಂತೆ ತೋರಲು, ಆನೆಯಿಂದಿಳಿದು ನಮಸ್ಕರಿಸಿದನು. ಅಗಸನು ನಡುಗಿ ತಾನು ಅಡಿಯಾಳಾದ ಅಗಸನೆಂದು ಅರಿಕೆಮಾಡಿಕೊಂಡನು. ಅರಸನು ನಾಚಲಿಲ್ಲ, ಮುನಿಯಲಿಲ್ಲ. ತಾನೂ ಅಡಿಯಾಳೇ ಎಂದು ಹೇಳಿ, ವಿಭೂತಿಯನ್ನು ನೆನಪಿಗೆ ತಂದುದಕ್ಕಾಗಿ ಅವನನ್ನು ಮನ್ನಿಸಿ ಕಳುಹಿದನು. ಅರಸನ ಕಣ್ಣು ತಪ್ಪಿತು, ಭಾವವು ತಪ್ಪಲಿಲ್ಲ. ನಮಸ್ಕಾರವು ಶಿವನಿಗೆ ಸಂದಿತ್ತಾದುದರಿಂದ ಅದು ವ್ಯರ್ಥವಾಗಲಿಲ್ಲ.

ಮೆಯ್ಪೊರುಳ್ ನಾಯನಾರನ ಕಥೆ ಇನ್ನೂ ಕಠಿನವಾದುದು. ಅವನನ್ನು ಯುದ್ಧದಲ್ಲಿ ಗೆಲ್ಲಲಾರದ ಮುತ್ತನಾಥನು ಶಿವಭಕ್ತನ ವೇಷತೊಟ್ಟು, ಗ್ರಂಥದ ಕಟ್ಟಿನಲ್ಲಿ ಕತ್ತಿಯನ್ನಡಗಿಸಿ, ಆಗಮೋಪದೇಶದ ನೆವದಿಂದ ಒಳಹೊಕ್ಕು ಇರಿದನು. ಸಾಯುತ್ತಿದ್ದ ಅರಸನು ಆ ವೇಷಕ್ಕೆ ಅಪಚಾರವಾಗದಂತೆ ಕೊಲೆಗಾರನನ್ನು ಊರ ಹೊರಗೆ ಸುರಕ್ಷಿತವಾಗಿ ಬಿಟ್ಟುಬರಲು ಆಜ್ಞಾಪಿಸಿ, ಹಾಗೆಯೇ ಆಯಿತೆಂದು ಕೇಳಿದಮೇಲೆ ಪ್ರಾಣಬಿಟ್ಟನು. ಈ ನಡೆ ಮಹಾಪುರುಷರದು. ಆದರೆ ಒಂದನ್ನು ಮರೆಯಬಾರದು: ಆ ಅರಸನು ತೆತ್ತುದು ತನ್ನ ಪ್ರಾಣವನ್ನು, ಮಕ್ಕಳ ಅನ್ನವನ್ನಲ್ಲ. ಕಪಟಿಯ ಮಾತಿಗೆ ಮರುಳಾಗಿ ಹೆಂಡಿರು ಮಕ್ಕಳ ಬಾಳನ್ನು ಅಡವಿಡುವ ಗೃಹಸ್ಥನು ಈ ಚರಿತೆಯನ್ನು ತನಗೆ ಆಧಾರವಾಗಿ ಹೇಳಿಕೊಳ್ಳಲಾಗದು.

12ನೆಯ ಶತಮಾನದ ಶರಣರು ಈ ಎರಡು ಎಳೆಗಳನ್ನು ಒಂದಾಗಿ ಹೊಸೆದರು. ಲಾಂಛನಧಾರಿಯನ್ನು ಕಂಡೊಡನೆ ಬಾಗುವುದು ಬಸವಣ್ಣನವರ ಸಹಜವಾದ ನಡೆಯಾಗಿತ್ತು. ಅದರೊಡನೆಯೇ, ಲಾಂಛನವನ್ನು ಧರಿಸಿ ಅದಕ್ಕೆ ತಕ್ಕ ಆಚಾರವಿಲ್ಲದವರನ್ನು ಅವರು ಖಂಡಿಸದೆ ಬಿಡಲಿಲ್ಲ. ಅಂಬಿಗರ ಚೌಡಯ್ಯನವರ ಮಾತಂತೂ ವೇಷಧಾರಿಗಳ ಮೇಲೆ ಚಾಟಿಯಂತೆ ಬೀಳುತ್ತದೆ. ತಲೆಯನ್ನು ಬೋಳಿಸುವುದು ಸುಲಭ, ಮನಸ್ಸಿನ ವಿಷಯವಾಸನೆಯನ್ನು ಬೋಳಿಸುವುದು ಕಷ್ಟವೆಂಬುದೇ ಅವರೆಲ್ಲರ ಬೋಧೆಯ ಸಾರ. ಅಷ್ಟಾವರಣಗಳನ್ನು ಎಣಿಸಿ ನೋಡಿದರೂ ಇದೇ ತಿಳಿಯುತ್ತದೆ: ಗುರು, ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕ, ಪ್ರಸಾದ—ಈ ಎಂಟರಲ್ಲಿ ಕೇಶವೂ ಇಲ್ಲ, ಕೇಶರಾಹಿತ್ಯವೂ ಇಲ್ಲ. ಮುಂಡನವು ಒಂದು ಪರಂಪರೆಯ ನಿಯಮವಾಗಿರಬಹುದು, ಭಕ್ತಿಯ ಪ್ರಮಾಣವಾಗಲಾರದು.

ಶೂನ್ಯಸಂಪಾದನೆಯಲ್ಲಿ ಬರುವ ಅಕ್ಕಮಹಾದೇವಿಯ ಪ್ರಸಂಗವೂ ಇಲ್ಲಿ ಸ್ಮರಣೀಯವಾಗಿದೆ. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈಮುಚ್ಚಿರುವುದೇಕೆಂದು ಅಲ್ಲಮಪ್ರಭುಗಳು ಅನುಭವಮಂಟಪದಲ್ಲಿ ಪ್ರಶ್ನಿಸುತ್ತಾರೆ. ಅಕ್ಕನು ಒಳಗಿನ ಪಕ್ವತೆಗೂ ಹೊರಗಿನ ಹೊದಿಕೆಗೂ ಇರುವ ಸಂಬಂಧವನ್ನು ತಿಳಿಸುತ್ತಾಳೆ; ನೋಡುವವರಿಗೆ ನೋವಾಗದಿರಲೆಂಬುದೂ ಅವಳ ಉತ್ತರದಲ್ಲಿ ಸೇರಿದೆ. ಕೇಶವು ಅವಳಿಗಾಗಿ ಇದ್ದುದಲ್ಲ, ಲೋಕದ ಕಣ್ಣಿಗಾಗಿ ಇದ್ದುದು. ಪ್ರಭುಗಳು ಅವಳ ಹೊರಗನ್ನು ಕಂಡು ತೀರ್ಪುಕೊಡಲಿಲ್ಲ; ಪ್ರಶ್ನೆ ಕೇಳಿದರು, ಉತ್ತರವನ್ನು ಆಲಿಸಿದರು, ಅನಂತರ ಗೌರವಿಸಿದರು. ನೋಡುವ ಕ್ರಮವೆಂದರೆ ಇದೇ.

ಗೃಹಸ್ಥನ ಕರ್ತವ್ಯ

ಮನೆಯ ಬಾಗಿಲಿಗೆ ಮುಂಡಿತನಾದ ಅಪರಿಚಿತನು ಬಂದು ನಿಂತಾಗ ಭಕ್ತನು ಮೂರು ವಿಷಯಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಮೊದಲನೆಯದು ಅನ್ನ. ಹಸಿದವನಿಗೆ ಉಣಬಡಿಸುವುದಕ್ಕೆ ಅವನ ತಲೆಯನ್ನು ನೋಡಬೇಕಾಗಿಲ್ಲ. ದಾಸೋಹಕ್ಕೆ ಹಸಿವೇ ಸಾಕಾದ ಗುರುತು. ಎರಡನೆಯದು ನಮಸ್ಕಾರ. ಲಾಂಛನವಿದ್ದಲ್ಲಿ ಅದನ್ನು ಶಿವನಿಗೆ ಸಲ್ಲಿಸಬೇಕು; ಧರಿಸಿದವನು ಅಯೋಗ್ಯನಾಗಿದ್ದರೆ ನಷ್ಟ ಅವನಿಗೇ ಹೊರತು ನಮಿಸಿದವನಿಗಿಲ್ಲ. ಮೂರನೆಯದು ವಿಶ್ವಾಸ. ಉಪದೇಶವನ್ನು ಪಡೆಯುವುದು, ಮನೆಯ ಗುಟ್ಟನ್ನು ಹೇಳುವುದು, ಹಣವನ್ನು ಒಪ್ಪಿಸುವುದು ಇವು ಆಚಾರವನ್ನು ಬಹುಕಾಲ ನೋಡಿದಮೇಲೆ ಮಾತ್ರ ಸಲ್ಲತಕ್ಕವು. ಗುರುಶಿಷ್ಯರು ಒಬ್ಬರನ್ನೊಬ್ಬರು ಪರೀಕ್ಷಿಸಬೇಕೆಂದು ಆಗಮಗಳು ವಿಧಿಸಿರುವುದು ಇದಕ್ಕಾಗಿಯೇ. ಅನ್ನವನ್ನು ಸಂಶಯದಿಂದ ತಡೆಯುವವನೂ, ವಿಶ್ವಾಸವನ್ನು ವೇಷಕ್ಕೆ ಸುರಿಯುವವನೂ ಇಬ್ಬರೂ ಈ ಮೂರನ್ನು ಕಲಸಿದವರೇ.

ಯಾವ ಲಾಂಛನವೂ ಇಲ್ಲದ ಬೋಳುತಲೆಯವನ ವಿಷಯದಲ್ಲಿ ಕರ್ತವ್ಯವು ಇನ್ನೂ ಸರಳ. ಅವನು ಶೋಕದಲ್ಲಿರಬಹುದು, ಹರಕೆ ಸಲ್ಲಿಸಿರಬಹುದು, ರೋಗದಿಂದ ನರಳುತ್ತಿರಬಹುದು. ಬಿಸಿಲಿಗೆ ತಂಪೆಂದು ಸುಮ್ಮನೆ ಬೋಳಿಸಿಕೊಂಡಿರಲೂ ಬಹುದು. ಅವನು ತಾನಾಗಿ ಹೇಳುವವರೆಗೆ ಕಾರಣವನ್ನು ಕೆದಕದೆ, ಕೂಡಲು ಜಾಗಕೊಟ್ಟು, ಊರುಕೇರಿಯ ಮಾತನ್ನಾಡುವುದೇ ಶಿಷ್ಟಾಚಾರ. ಮಕ್ಕಳು ಬೆರಳು ತೋರಿಸಿ ನಕ್ಕರೆ ಅವರನ್ನು ಅಲ್ಲಿಯೇ ಗದರಿಸಿ ಬಂದವನ ಸಂಕೋಚವನ್ನು ಹೆಚ್ಚಿಸದೆ, ಮನೆಗೆ ಬಂದಮೇಲೆ ಚೇರಮರಾಯನ ಕಥೆಯನ್ನು ಹೇಳಿ ತಿದ್ದಬೇಕು.

ಮುಂಡಿತನಾದವನಿಗೂ ಒಂದು ಹೊಣೆಯುಂಟು. ಲೋಕವು ತನ್ನ ತಲೆಯನ್ನು ಕಂಡು ಕೈಮುಗಿಯುವಾಗ, ಆ ಕೈಗಳು ತನ್ನ ಹಿಂದಿನ ಪರಂಪರೆಗೆ ಮುಗಿದವೆಂದು ಅವನು ಅರಿತಿರಬೇಕು. ಒಬ್ಬನ ಅನಾಚಾರದಿಂದ ಮುಂದೆ ಬರುವ ನೂರು ಮಂದಿ ಪ್ರಾಮಾಣಿಕರ ಮುಂದೆ ಬಾಗಿಲುಗಳು ಮುಚ್ಚುತ್ತವೆ. ಕ್ಷೌರಿಕನ ಕತ್ತಿಯ ಕೆಲಸ ಅರ್ಧ ಗಳಿಗೆಯಲ್ಲಿ ಮುಗಿಯುತ್ತದೆ. ಕೂದಲು ಮರುದಿನದಿಂದಲೇ ಮತ್ತೆ ಚಿಗುರತೊಡಗುತ್ತದೆ. ಅಹಂಕಾರವೂ ಹಾಗೆಯೇ ದಿನದಿನವೂ ಚಿಗುರುವುದಾದುದರಿಂದ ಅದನ್ನು ದಿನದಿನವೂ ತೆಗೆಯುತ್ತಿರಬೇಕು. ಈ ಮುಂಡನವು ಯತಿಗೆ ಮಾತ್ರವಲ್ಲ, ಗೃಹಸ್ಥನಿಗೂ ವಿಹಿತವಾದುದು. ಇಷ್ಟಲಿಂಗದ ಮುಂದೆ ಪ್ರತಿದಿನವೂ ಕುಳಿತುಕೊಳ್ಳುವ ಭಕ್ತನು ತನ್ನ ಕಣ್ಣಿಗೆ ಮೆತ್ತಿದ ರೂಢಿಯನ್ನು ಆ ಹೊತ್ತಿನಲ್ಲಿ ತೊಳೆದುಕೊಂಡರೆ, ಎದುರಿಗೆ ಬಂದವನ ತಲೆ ಹೇಗಿದ್ದರೂ ಅವನಲ್ಲಿರುವ ಶಿವನನ್ನು ಕಾಣುವುದು ಕಷ್ಟವಾಗದು.