ಖಾನಾಪುರದಲ್ಲಿ ಓಡುವ ಪ್ರಾಜೆಕ್ಟು ಬೆಳಗಾವಿಯಲ್ಲಿ ನಿಂತಾಗ

ಪ್ರಶ್ನೆ: ನಾನು ಖಾನಾಪುರದವಳು, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. ಪ್ರಾಜೆಕ್ಟು ಮನೆಯ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಕಾಲೇಜಿನ ಲ್ಯಾಬಿನಲ್ಲಿ ಓಡುವುದಿಲ್ಲ. ತಪ್ಪು ನನ್ನದೇ ಎನ್ನುತ್ತಾಳೆ ಗೆಳತಿ. ಏನು ಮಾಡಲಿ?

ಉತ್ತರ: ತಂಗಿ, ತಪ್ಪನ್ನು ಈಗಲೇ ಮೈಮೇಲೆ ಎಳೆದುಕೊಳ್ಳಬೇಡಿ. ನೀವು ಕಳಿಸಿದ, ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜುಗಳ ಪಟ್ಟಿಯ ಎರಡು ಪ್ರತಿಗಳನ್ನು ನೋಡಿದೆ. ಒಂದೇ ಪ್ಯಾಕೇಜಿಗೆ ಬರೆದ ಆವೃತ್ತಿಯ ವ್ಯಾಪ್ತಿ ನಿಮ್ಮದರಲ್ಲಿ ~1.4.0, ಗೆಳತಿಯದರಲ್ಲಿ ^1.4.0. ಪ್ಯಾಕೇಜುಗಳನ್ನು ತಂದುಕೊಡುವ ಎನ್‌ಪಿಎಮ್ ಮೊದಲನೆಯದಕ್ಕೆ 1.5.0ರ ಕೆಳಗೇ ನಿಲ್ಲುತ್ತದೆ, ಎರಡನೆಯದಕ್ಕೆ 1.4.0ರಿಂದ ಮೇಲೆ, 2.0.0ರ ಕೆಳಗಿನ ಎಲ್ಲಕ್ಕೂ ಬಾಗಿಲು ತೆರೆದಿದೆ. ಹೀಗೆ ಮನೆಯಲ್ಲಿ ಒಂದು ಆವೃತ್ತಿ, ಲ್ಯಾಬಿನಲ್ಲಿ ಇನ್ನೊಂದು ಕೂರಬಹುದು. ಮೊದಲ ಅಂಕಿ ಸೊನ್ನೆಯಾದರೆ ಲೆಕ್ಕವೇ ಬೇರೆ: ^0.4.0 ಕೂಡ 0.5.0 ದಾಟುವುದಿಲ್ಲ. ಇನ್ನೊಂದು, ಇವನ್ನು ದಶಮಾಂಶದಂತೆ ಓದಬೇಡಿ. 1.10.0 ಎಂಬುದು 1.9.0ಕ್ಕಿಂತ ಹೊಸದು. ಬಹಳ ಜನ ಎಡವುವುದು ಇಲ್ಲೇ.

ಮೊದಲ ಅಂಕಿ ಬದಲಾಗದಿದ್ದರೆ ಏನೂ ಕೆಡುವುದಿಲ್ಲ ಎಂಬುದು ಪ್ಯಾಕೇಜು ಬರೆದವರ ಮಾತು ಮಾತ್ರ, ಯಂತ್ರ ಕೊಡುವ ಖಾತ್ರಿಯಲ್ಲ. 2022ರ ಜನವರಿಯಲ್ಲಿ ‘ಕಲರ್ಸ್’ ಪ್ಯಾಕೇಜಿನ ಕರ್ತೃವೇ ಕೊನೆಯಿಲ್ಲದ ಲೂಪ್ ಸೇರಿಸಿ ಹೊಸ ಆವೃತ್ತಿ ಬಿಟ್ಟರು. ಮೊದಲ ಅಂಕಿ 1 ಹಾಗೇ ಇತ್ತು. ಸಡಿಲ ವ್ಯಾಪ್ತಿ ಬರೆದಿದ್ದ ಎಷ್ಟೋ ಪ್ರಾಜೆಕ್ಟುಗಳು ಜಗತ್ತಿನಾದ್ಯಂತ ಕೆಟ್ಟವು.

ಹಾಗೆಂದು ವ್ಯಾಪ್ತಿಯನ್ನೇ ಬಿಟ್ಟು ಒಂದೇ ಆವೃತ್ತಿಗೆ ಕಟ್ಟಿಹಾಕಿದರೆ ಭದ್ರತಾ ತಿದ್ದುಪಡಿಗಳೂ ಬರುವುದಿಲ್ಲ. ನನ್ನ ಸಲಹೆ: ವ್ಯಾಪ್ತಿ ಇರಲಿ, ಆದರೆ ಇನ್‌ಸ್ಟಾಲ್ ಆದ ನಿಖರ ಆವೃತ್ತಿಗಳನ್ನು ಬರೆದಿಡುವ ಲಾಕ್ ಫೈಲನ್ನು ಗಿಟ್‌ಗೆ ಸೇರಿಸಿ, ಲ್ಯಾಬಿನಲ್ಲಿ ‘ಎನ್‌ಪಿಎಮ್ ಸಿಐ’ ಆದೇಶದಿಂದಲೇ ಇನ್‌ಸ್ಟಾಲ್ ಮಾಡಿ. ಆಗ ಎರಡೂ ಕಡೆ ಅದೇ ಆವೃತ್ತಿ ಕೂರುತ್ತದೆ. ವೈವಾಕ್ಕೆ ಮೊದಲು ಗೆಳತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಇದನ್ನು ಮಾಡಿ.