ಊರಿನ ಚುನಾವಣೆಯಲ್ಲಿ ಮತ ಕೊಡುವುದೇಕೆ?

ನಮ್ಮ ಪಾಠಶಾಲೆಯಲ್ಲಿ ಓದಿಹೋದ ಸಹೋದರಿಯರೇ, ಅವರನ್ನು ಇಲ್ಲಿಗೆ ಕಳುಹಿಸಿಕೊಟ್ಟ ಪೋಷಕ ಮಹಾಶಯರೇ,

ಪೌರನೀತಿಯ ಪಾಠ ನಡೆಯುವಾಗ ಬಾಲಿಕೆಯರು ಒಂದು ಪ್ರಶ್ನೆಯನ್ನು ಆಗಾಗ್ಗೆ ಕೇಳುವುದುಂಟು: “ನನ್ನೊಬ್ಬಳ ಮತದಿಂದ ಏನಾದೀತು, ಟೀಚರ್?” ಈ ಪ್ರಶ್ನೆಯು ಅವಿವೇಕದ್ದೆಂದು ತಳ್ಳಿಬಿಡತಕ್ಕದ್ದಲ್ಲ, ಲೆಕ್ಕವನ್ನು ಬಲ್ಲವರು ಕೇಳತಕ್ಕ ಪ್ರಶ್ನೆಯೇ ಅದು. ಆದಕಾರಣ ತುಮಕೂರಿನಿಂದ ಕುಣಿಗಲಿಗೆ ಹೋಗುವ ದಾರಿಯಲ್ಲಿ ನಮಗೆಲ್ಲರಿಗೂ ಪರಿಚಿತವಾದ ಗೂಳೂರನ್ನು ಉದಾಹರಣೆಯಾಗಿಟ್ಟುಕೊಂಡು, ಅದಕ್ಕೆ ಉತ್ತರವೇನೆಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಒಂದು ಮತದ ತೂಕ

1993ನೆಯ ಇಸವಿಯ ಕರ್ನಾಟಕ ಪಂಚಾಯತ್ ರಾಜ್ ಕಾನೂನು ಗ್ರಾಮ ಪಂಚಾಯಿತಿಗೆ ಸುಮಾರು 400 ಜನರಿಗೆ ಒಬ್ಬ ಸದಸ್ಯನಂತೆ ನಿಗದಿಮಾಡಿತು. ಈ 400 ಮಂದಿಯಲ್ಲಿ ತೊಟ್ಟಿಲ ಕೂಸಿನಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಎಲ್ಲರೂ ಸೇರಿರುವುದರಿಂದ, ಒಂದೊಂದು ಸ್ಥಾನಕ್ಕೆ ಮತದಾರರು ಕೆಲವು ನೂರು ಮಂದಿ ಮಾತ್ರವೇ ಆಗುವರು. ಲೋಕಸಭೆಯ ಕ್ಷೇತ್ರವೊಂದರಲ್ಲಿ ಮತದಾರರು ಲಕ್ಷಗಟ್ಟಲೆ ಇರುವರು. ಹಾಗಾದರೆ ನಮ್ಮ ಒಂದು ಮತಕ್ಕೆ ತೂಕವು ಎಲ್ಲಿ ಹೆಚ್ಚು? ದೊಡ್ಡ ತಕ್ಕಡಿಯಲ್ಲಿ ಕಾಣದ ಗುಲಗಂಜಿಯು ಚಿನಿವಾರನ ತಕ್ಕಡಿಯನ್ನು ಬಾಗಿಸುವುದಷ್ಟೆ.

ದೊಡ್ಡ ತಕ್ಕಡಿಯನ್ನೂ ಗುಲಗಂಜಿಯು ಬಾಗಿಸಿದ ದೃಷ್ಟಾಂತವೊಂದು ನಮ್ಮ ನಾಡಿನಲ್ಲಿಯೇ ಇದೆ. 2004ರ ವಿಧಾನಸಭೆಯ ಚುನಾವಣೆಯಲ್ಲಿ ಚಾಮರಾಜನಗರದ ಕಡೆಯ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಶ್ರೀ ಆರ್. ಧ್ರುವನಾರಾಯಣರಿಗೆ 40,752 ಮತಗಳೂ, ಶ್ರೀ ಎ. ಆರ್. ಕೃಷ್ಣಮೂರ್ತಿಯವರಿಗೆ 40,751 ಮತಗಳೂ ಬಂದವು. ಮತದಾನದ ದಿನ ಮನೆಯಲ್ಲಿಯೇ ಉಳಿದ ಪ್ರತಿಯೊಬ್ಬರೂ ಫಲಿತಾಂಶವನ್ನು ಕೇಳಿ ಏನೆಂದುಕೊಂಡಿರಬಹುದೋ ಯೋಚಿಸಿರಿ.

2. ಜನರು ಮತ ಕೊಡುವ ಕಾರಣಗಳು

2020ರ ಡಿಸೆಂಬರ್ 22 ಮತ್ತು 27ರಂದು ನಡೆದ ಗ್ರಾಮ ಪಂಚಾಯಿತಿ ಚುನಾವಣೆಗಳಲ್ಲಿ, ಸಾಂಕ್ರಾಮಿಕ ರೋಗದ ಭೀತಿಯಿದ್ದರೂ, ರಾಜ್ಯದಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ ಮತದಾರರು ಮತ ಕೊಟ್ಟರು. ವಿದ್ಯಾವಂತರೂ ಅನುಕೂಲವಂತರೂ ತುಂಬಿರುವ ಬೆಂಗಳೂರಿನಲ್ಲಿ 2015ರ ಮಹಾನಗರ ಪಾಲಿಕೆಯ ಚುನಾವಣೆಗೆ ಅರ್ಧದಷ್ಟು ಜನರೂ ಬರಲಿಲ್ಲ. ಓದು ಹೆಚ್ಚಿದಷ್ಟೂ ಮತದಾನವು ಹೆಚ್ಚುವುದೆಂಬ ನಮ್ಮ ಊಹೆಯು ಇಲ್ಲಿ ತಲೆಕೆಳಗಾಯಿತು. ಇದಕ್ಕೆ ಕಾರಣವೇನು?

ಮೊದಲನೆಯದು ಪರಿಚಯ. ಹಳ್ಳಿಯಲ್ಲಿ ಚುನಾವಣೆಗೆ ನಿಂತವನು ಪತ್ರಿಕೆಯ ಚಿತ್ರವಲ್ಲ, ಪಕ್ಕದ ಬೀದಿಯವನು. ಆತನ ಗುಣವನ್ನೂ ದೋಷವನ್ನೂ ಜನರು ಕಣ್ಣಾರೆ ಕಂಡಿರುತ್ತಾರೆ. ಗ್ರಾಮ ಪಂಚಾಯಿತಿಯ ಚುನಾವಣೆಯಲ್ಲಿ ರಾಜಕೀಯ ಪಕ್ಷಗಳ ಚಿಹ್ನೆಗಳಿಗೆ ಅವಕಾಶವಿಲ್ಲದಿರುವುದರಿಂದ ಮನುಷ್ಯನನ್ನೇ ನೋಡಿ ಆರಿಸಬೇಕಾಗುತ್ತದೆ.

ಎರಡನೆಯದು ಪ್ರಯೋಜನ. ಕುಡಿಯುವ ನೀರು, ಬೀದಿಯ ದೀಪ, ಚರಂಡಿ, ಮನೆಯ ಕಂದಾಯ, ಸರ್ಕಾರದ ಮನೆ ಯಾವ ಬಡವರಿಗೆ ಸಲ್ಲಬೇಕೆಂಬ ಪಟ್ಟಿ, ಇವೆಲ್ಲವೂ ಪಂಚಾಯಿತಿಯ ಮುಂದೆ ಬರುವ ವಿಷಯಗಳು. ನಲ್ಲಿಯಲ್ಲಿ ನೀರು ನಿಂತರೆ ಯಾರ ಬಾಗಿಲನ್ನು ತಟ್ಟಬೇಕೆಂಬುದನ್ನು ಹಳ್ಳಿಯ ಗೃಹಿಣಿಯು ಚೆನ್ನಾಗಿ ಬಲ್ಲಳು.

ಮೂರನೆಯದು ಬಂಧುತ್ವ, ಜಾತಿ, ದಾಕ್ಷಿಣ್ಯ. ಇದನ್ನು ಮರೆಮಾಚಿದರೆ ಪಾಠವು ಸತ್ಯವಾಗದು. ನಮ್ಮವನೆಂದು ಮತ ಕೊಡುವವರೂ, ಹಣವನ್ನು ತೆಗೆದುಕೊಂಡು ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂದು ಕೊಡುವವರೂ ಉಂಟು. ಆದರೆ ಆ ಉಪ್ಪು ಯಾರದು? ಕೊಟ್ಟವನು ಗೆದ್ದ ಮೇಲೆ ನಮ್ಮ ಚರಂಡಿಯ ಕಲ್ಲಿನಿಂದಲೇ ಅದನ್ನು ಹಿಂದಕ್ಕೆ ಪಡೆಯುವವನಾದರೆ, ನಾವು ತಿಂದದ್ದು ನಮ್ಮ ಉಪ್ಪನ್ನೇ.

ನಾಲ್ಕನೆಯದು ‘ಈ ಊರು ನನ್ನದು’ ಎಂಬ ಭಾವನೆ. ಗೂಳೂರಿನ ಗಣೇಶನ ಉತ್ಸವವು ಈ ಸೀಮೆಯಲ್ಲೆಲ್ಲ ಪ್ರಸಿದ್ಧವಾದದ್ದು. ಮಣ್ಣಿನಿಂದ ಮಾಡಿದ ಆ ದೊಡ್ಡ ಮೂರ್ತಿಯನ್ನು ದೀಪಾವಳಿಯ ಕಾಲದಲ್ಲಿ ಪ್ರತಿಷ್ಠಿಸಿ, ಕಾರ್ತಿಕ ಮಾಸವೆಲ್ಲ ಪೂಜಿಸಿ, ಕೊನೆಗೆ ಊರಿನ ಕೆರೆಯಲ್ಲಿ ವಿಸರ್ಜಿಸುವರು. ಹದಿನೆಂಟು ಕೋಮಿನವರೂ ಸೇರಿ ಇದನ್ನು ನಡೆಸುವರೆಂದು ಹೇಳಿಕೆ. ನಮ್ಮ ಆರಾಧನೆಯ ಕ್ರಮವು ಬೇರೆಯಾದರೂ ನೆರೆಯವರಿಂದ ಕಲಿಯತಕ್ಕದ್ದೊಂದು ಇಲ್ಲಿದೆ. ಅಲ್ಲಿ ಕೆಲಸಕ್ಕೆ ಕೈಹಾಕುವವನು “ನನ್ನೊಬ್ಬನ ಕೈಯಿಂದ ಏನಾದೀತು” ಎಂದು ಲೆಕ್ಕ ಹಾಕಿ ಮನೆಯಲ್ಲಿ ಕೂರುವುದಿಲ್ಲ. ಊರಿನ ಕೆಲಸದಲ್ಲಿ ತಾನಿಲ್ಲದಿದ್ದರೆ ತನಗೇ ಕೊರತೆಯೆಂದು ಬರುತ್ತಾನೆ. ಮತಗಟ್ಟೆಯ ಮುಂದೆ ಮೊಮ್ಮಗಳ ಕೈ ಹಿಡಿದು ನಿಂತ ಅಜ್ಜಿಯ ಮನಸ್ಸಿನಲ್ಲಿರುವುದೂ ಇದೇ.

3. ಸ್ತ್ರೀಯರ ಮತದ ಚರಿತ್ರೆ

ಗುಬ್ಬಿ, ತುಮಕೂರು ಸೀಮೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ವೆಸ್ಲಿಯನ್ ಮಿಷನರಿಗಳನ್ನು ಕಳುಹಿಸಿದ ಇಂಗ್ಲೆಂಡಿನಲ್ಲಿ ಸ್ತ್ರೀಯರಿಗೆ ಮತವು ಮೊದಲು ದೊರೆತದ್ದು ಪಾರ್ಲಿಮೆಂಟಿನಲ್ಲಲ್ಲ, ಊರಿನ ಸಭೆಯಲ್ಲಿ. 1869ರಲ್ಲಿ ತೆರಿಗೆ ಕೊಡುವ ಸ್ತ್ರೀಯರು ನಗರಸಭೆಗೆ ಮತ ಕೊಡುವ ಹಕ್ಕನ್ನು ಪಡೆದರು. 1872ರಲ್ಲಿ ನ್ಯಾಯಾಲಯವು ಈ ಹಕ್ಕು ವಿವಾಹಿತೆಯರಿಗಿಲ್ಲವೆಂದಿತು. 1894ರ ಕಾನೂನು ಅವರಿಗೂ ಸ್ಥಳೀಯ ಮತದ ದಾರಿಯನ್ನು ತೆರೆಯಿತು. ಪಾರ್ಲಿಮೆಂಟಿನ ಮತವಾದರೋ 1918ರಲ್ಲಿ ಮೂವತ್ತು ವರ್ಷ ಮೀರಿದ, ಕೆಲವು ಅರ್ಹತೆಗಳುಳ್ಳ ಸ್ತ್ರೀಯರಿಗೆ ಮಾತ್ರ, 1928ರಲ್ಲಿ ಪುರುಷರೊಂದಿಗೆ ಸಮಾನವಾಗಿ ದೊರೆಯಿತು. ಹೀಗೆ ಮೊದಲು ದೊರೆತ ಆ ಸ್ಥಳೀಯ ಮತವನ್ನೇ ಅಲ್ಲಿಯ ಜನರು ಈಗ ಅಲಕ್ಷ್ಯ ಮಾಡುತ್ತಿದ್ದಾರೆ. ಸ್ಥಳೀಯ ಚುನಾವಣೆಯು ಒಂಟಿಯಾಗಿ ನಡೆದಾಗ ಅನೇಕ ಕಡೆ ಮೂರರಲ್ಲಿ ಒಬ್ಬರೇ ಬರುವರು.

ನಮ್ಮ ದೇಶದಲ್ಲಿ 1951-52ರ ಪ್ರಥಮ ಮಹಾಚುನಾವಣೆಯ ಕಾಲಕ್ಕೆ ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳು ಪಟ್ಟಿಯಿಂದ ಬಿಟ್ಟುಹೋದವು. ಅವರು ತಮ್ಮ ಸ್ವಂತ ಹೆಸರನ್ನು ಹೇಳದೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಆ ಬಳಿಕ ಕರ್ನಾಟಕದಲ್ಲಿ 1987ರ ಪಂಚಾಯಿತಿ ಚುನಾವಣೆಯಲ್ಲಿ ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳು ಮೀಸಲಾದವು. 1993ರ ಕಾನೂನಿನಿಂದ ಅದು ಮೂರನೆಯ ಒಂದು ಪಾಲಾಯಿತು, 2010ರಲ್ಲಿ ಅರ್ಧವಾಯಿತು.

ಆದರೂ ಅಧ್ಯಕ್ಷೆಯು ಮನೆಯಲ್ಲಿ, ಅಧ್ಯಕ್ಷೆಯ ಪತಿಯು ಕಛೇರಿಯಲ್ಲಿ, ಎಂಬ ಸ್ಥಿತಿಯನ್ನು ನಾವು ಕೆಲವೆಡೆ ಕಾಣುತ್ತೇವೆ. ಅಂದು ಪಟ್ಟಿಯಲ್ಲಿ ಹೆಸರಿರಲಿಲ್ಲ. ಇಂಥ ಕಡೆ ಇಂದು ಹೆಸರಿದೆ, ಅಧಿಕಾರವಿಲ್ಲ. ಮತವನ್ನು ಪತಿಯು ಹೇಳಿದಂತೆ ಒತ್ತಿ ಬರುವ ಮನೆಯಿಂದಲೇ ಸಹಿಯನ್ನು ಪತಿಯು ಹೇಳಿದಂತೆ ಹಾಕುವ ಅಧ್ಯಕ್ಷೆಯು ಬರುವಳು. ಮತವು ಗುಪ್ತವಾಗಿರಬೇಕೆಂಬ ನಿಯಮವು ಸ್ತ್ರೀಗೆ ದೊಡ್ಡ ಆಶ್ರಯ. ಆ ಮರೆಯೊಳಗೆ ಆಕೆಯ ಮನಸ್ಸಾಕ್ಷಿಗೂ ದೇವರಿಗೂ ನಡುವೆ ಮೂರನೆಯವರಿಗೆ ಸ್ಥಳವಿಲ್ಲ.

4. ಮತ ಕೊಡದಿರುವ ಕಾರಣಗಳು

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಮತ ಕೊಡದವರು ಸೋಮಾರಿಗಳೆಂದು ನಾನು ಹೇಳಲಾರೆನು. ಅನೇಕರ ಹೆಸರು ತವರೂರಿನಲ್ಲಿ, ಸಂಸಾರವು ಗಂಡನ ಊರಿನಲ್ಲಿ, ಉದ್ಯೋಗವು ಬೇರೊಂದು ಪಟ್ಟಣದಲ್ಲಿ. ಪಟ್ಟಣದಲ್ಲಿ ಬಾಡಿಗೆಯ ಮನೆಯಲ್ಲಿರುವವರಿಗೆ ಆ ಬೀದಿಯು ತಮ್ಮದೆನಿಸದು. ಇನ್ನು ಕೆಲವರು ರಾಜಕೀಯವು ಮಲಿನವಾದುದರಿಂದ ಅದನ್ನು ಮುಟ್ಟಬಾರದೆನ್ನುವರು. ಸಜ್ಜನರು ಬಿಟ್ಟುಹೋದ ಮನೆಯು ತಾನಾಗಿ ಶುಚಿಯಾಗುವುದೇ?

ಚುನಾವಣೆಯೇ ನಡೆಯದಿದ್ದರೆ ಮತವೆಲ್ಲಿ, ಎಂಬ ಆಕ್ಷೇಪಣೆಯು ನ್ಯಾಯವಾದದ್ದು. ಬೆಂಗಳೂರಿನ ಪಾಲಿಕೆಯ ಅವಧಿಯು 2020ರಲ್ಲಿಯೂ, ಜಿಲ್ಲಾ ಹಾಗೂ ತಾಲ್ಲೂಕು ಪಂಚಾಯಿತಿಗಳ ಅವಧಿಯು 2021ರಲ್ಲಿಯೂ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಕೆಲಸ ನಡೆಸಿದರು. ಆದರೆ ಕೇಳುವವರಿಲ್ಲದ ಹಕ್ಕನ್ನು ಕೊಡುವ ಅವಸರವು ಯಾರಿಗಿದೆ? ಚುನಾವಣೆಯ ದಿನ ಮತ ಕೊಡದವರ ಮೌನವನ್ನು ಅಧಿಕಾರದಲ್ಲಿರುವವರು ಸಮ್ಮತಿಯೆಂದೇ ಎಣಿಸುವರು.

5. ನಾವು ಮಾಡತಕ್ಕದ್ದು

ಮೊದಲು ಹೆಸರನ್ನು ನೋಡಿಕೊಳ್ಳಿರಿ. ವಿಧಾನಸಭೆಯ ಮತದಾರರ ಪಟ್ಟಿಯಿಂದಲೇ ಪಂಚಾಯಿತಿಯ ಪಟ್ಟಿಯೂ ಸಿದ್ಧವಾಗುತ್ತದೆ. ಹದಿನೆಂಟು ವರ್ಷ ತುಂಬಿದ ಹೆಣ್ಣುಮಗಳಿಗೆ ನಮೂನೆ 6, ಮದುವೆಯಾಗಿ ಅಥವಾ ಉದ್ಯೋಗದಿಂದ ಊರು ಬದಲಾದವಳಿಗೆ ನಮೂನೆ 8. ಇದನ್ನು ಮೊದಲೇ ಮಾಡಿಸಬೇಕು. ಮತಗಟ್ಟೆಯ ಬಾಗಿಲಿನಲ್ಲಿ ಅತ್ತರೆ ಆಗದು. ಪೋಷಕರೇ, ಮಗಳ ಮದುವೆಯ ಸಿದ್ಧತೆಯಲ್ಲಿ ಸೀರೆ ಪಾತ್ರೆಗಳ ಪಟ್ಟಿಯೊಂದಿಗೆ ಇದನ್ನೂ ಒಂದು ಸಾಲಾಗಿ ಬರೆದುಕೊಳ್ಳಿರಿ.

ಎರಡನೆಯದಾಗಿ, ಗ್ರಾಮಸಭೆಗೆ ಹೋಗಿರಿ. ಐದು ವರ್ಷಕ್ಕೊಮ್ಮೆ ಮತ ಕೊಟ್ಟು ಆಮೇಲೆ ಮರೆತುಬಿಡುವುದು, ಬೀಜ ಬಿತ್ತಿ ಕಳೆ ತೆಗೆಯದೆ ಬಿಟ್ಟಂತೆ.

ಮೂರನೆಯದಾಗಿ, ನಮ್ಮ ಕರ್ತನು ಹೇಳಿದ ತಲಾಂತುಗಳ ಸಾಮ್ಯವನ್ನು ಜ್ಞಾಪಿಸಿಕೊಳ್ಳಿರಿ. ಒಂದು ತಲಾಂತನ್ನು ಪಡೆದ ಆಳು ಅದನ್ನು ಕದಿಯಲಿಲ್ಲ, ಜೂಜಾಡಿ ಕಳೆಯಲಿಲ್ಲ. ಭಯಪಟ್ಟು ನೆಲದಲ್ಲಿ ಹೂತಿಟ್ಟನು, ಅಷ್ಟೆ. ಆದರೂ ಯಜಮಾನನು ಅವನನ್ನು ಮೆಚ್ಚಲಿಲ್ಲ. ಐದು ತಲಾಂತುಗಳವನಿಗೆ ಅದೇ ಪ್ರಶ್ನೆಯು ತೋರಲಿಲ್ಲವೆಂಬುದನ್ನು ಗಮನಿಸಿರಿ. ‘ಒಂದರಿಂದ ಏನಾದೀತು’ ಎಂಬುದು ಒಂದೇ ಒಂದನ್ನು ಪಡೆದವನ ಶೋಧನೆ. ನಮ್ಮಲ್ಲಿ ಪ್ರತಿಯೊಬ್ಬಳಿಗೂ ದೊರೆತಿರುವ ಮತವು ಒಂದೇ.

ಮುಂದಿನ ಸಾರಿ ಊರಿಗೆ ಹೋದಾಗ ಮನೆಯವರೊಡನೆ ಕುಳಿತು ಈ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ: ನಮ್ಮ ಬೀದಿಯಿಂದ ಆರಿಸಿಹೋದವರ ಹೆಸರೇನು? ನನ್ನ ಹೆಸರು ಯಾವ ಊರಿನ ಪಟ್ಟಿಯಲ್ಲಿದೆ? ಕಳೆದ ಸಾರಿ ನಾನು ಕೊಟ್ಟ ಮತವು ನನ್ನದಾಗಿತ್ತೇ?