ಗುಬ್ಬಿಯ ಕಬಡ್ಡಿ ಹುಡುಗನಿಗೆ ಹರಾಜಿನ ದಾರಿ

ಪ್ರಶ್ನೆ: ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಆಟಗಾರರನ್ನು ಅಳೆದು ತೂಗಿ ವೃತ್ತಿಪರ ತಂಡಗಳು ಆರಿಸಿಕೊಳ್ಳುತ್ತವಂತೆ. ನನ್ನ ತಮ್ಮ ತುಮಕೂರಿನಲ್ಲಿ ಪದವಿ ಓದುತ್ತಾ ಕಬಡ್ಡಿ ಆಡುತ್ತಾನೆ. ಅವನಂಥವರಿಗೂ ಇಂಥ ದಾರಿ ಇದೆಯೇ? ಆರಿಸುವವರು ಏನನ್ನು ನೋಡುತ್ತಾರೆ?
– ಓದುಗರೊಬ್ಬರು, ಗುಬ್ಬಿ

ಉತ್ತರ: ಇದೆ, ಮತ್ತು ಅದು ಕಾಲೇಜಿನಿಂದಲೇ ಹೊರಡುತ್ತದೆ. 2023ರ ಪ್ರೊ ಕಬಡ್ಡಿ ಹರಾಜಿನ ಪಟ್ಟಿಗೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಫೈನಲ್ ಆಡಿದ ಎರಡು ತಂಡಗಳ 24 ಆಟಗಾರರನ್ನು ಸೇರಿಸಿದ್ದರು. ನಿಮ್ಮ ತಮ್ಮ ಮೊದಲು ಕಾಲೇಜು ತಂಡದಲ್ಲಿ, ಆಮೇಲೆ ಅಂತರ ಕಾಲೇಜು ಪಂದ್ಯಗಳಲ್ಲಿ ಮಿಂಚಿ ತುಮಕೂರು ವಿಶ್ವವಿದ್ಯಾಲಯದ ತಂಡ ಸೇರಬೇಕು. ಅಲ್ಲಿಂದ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ, ಗೆದ್ದರೆ ಅಖಿಲ ಭಾರತ ಮಟ್ಟ. ಇದಲ್ಲದೆ ಹೊಸ ಹುಡುಗರನ್ನು ಹರಾಜಿಲ್ಲದೆಯೇ ನೇರವಾಗಿ ಸೇರಿಸಿಕೊಳ್ಳಲೂ ತಂಡಗಳಿಗೆ ಅವಕಾಶವಿದೆ.

ಅಮೆರಿಕದ ಪದ್ಧತಿಯಲ್ಲಿ ಹರಾಜು ಕೂಗುವುದಿಲ್ಲ. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿ ಉಳಿದ ತಂಡಕ್ಕೆ ಮೊದಲ ಆಯ್ಕೆ. 32 ತಂಡಗಳು 7 ಸುತ್ತುಗಳಲ್ಲಿ ಸರದಿಯಂತೆ ಆಟಗಾರರನ್ನು ಆರಿಸುತ್ತವೆ. ಅದಕ್ಕೂ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ಓಟ, ಜಿಗಿತ, ವೈದ್ಯಕೀಯ ಪರೀಕ್ಷೆ ಎಲ್ಲ ನಡೆಯುತ್ತವೆ. ನಮ್ಮಲ್ಲೂ ಇದರ ಒಂದು ಸಣ್ಣ ರೂಪ ನಡೆದಿತ್ತು. 2008ರಲ್ಲಿ ಐಪಿಎಲ್ ತಂಡಗಳು 19 ವರ್ಷದೊಳಗಿನ ಆಟಗಾರರನ್ನು ಹೀಗೆಯೇ ಸರದಿಯಲ್ಲಿ ಆರಿಸಿದವು. ಬೌಲರ್ ಬೇಕಿದ್ದ ದೆಹಲಿ ತಂಡ ಪ್ರದೀಪ್ ಸಾಂಗ್ವಾನ್ ಅವರನ್ನು ತೆಗೆದುಕೊಂಡಿತು. ಹೀಗೆ ಬ್ಯಾಟರ್ ವಿರಾಟ್ ಕೊಹ್ಲಿ ಬೆಂಗಳೂರಿಗೆ ಬಂದರು. ಆಟಗಾರ ಎಷ್ಟು ಒಳ್ಳೆಯವನು ಎಂಬುದರ ಜೊತೆಗೆ, ತಂಡದಲ್ಲಿ ಯಾವ ಜಾಗ ಖಾಲಿಯಿದೆ ಎಂಬುದೂ ಆಯ್ಕೆಯನ್ನು ನಿರ್ಧರಿಸುತ್ತದೆ.

ಕಬಡ್ಡಿಯಲ್ಲಿ ಪಳಗಿದ ಕಣ್ಣು ಬರೀ ಅಂಕ ಎಣಿಸುವುದಿಲ್ಲ. ದುರ್ಬಲ ತಂಡದೆದುರು ಹದಿನೈದು ಅಂಕ ಯಾರಾದರೂ ತಂದಾರು. ಎರಡು ರೈಡ್ ಖಾಲಿ ಹೋಗಿ ಮೂರನೆಯದು ‘ಮಾಡು ಇಲ್ಲವೇ ಮಡಿ’ ಆದಾಗ ಹುಡುಗ ಆ 30 ಸೆಕೆಂಡುಗಳನ್ನು ಹೇಗೆ ಬಳಸುತ್ತಾನೆ? ಒಂದೇ ಪಟ್ಟು ಎದುರಾಳಿಗೆ ತಿಳಿದುಹೋದ ಮೇಲೆ ಅವನ ಬಳಿ ಇನ್ನೊಂದಿದೆಯೇ? ಡಿಫೆಂಡರ್ ಆದರೆ ಆತುರಪಟ್ಟು ಮುನ್ನುಗ್ಗುತ್ತಾನೋ, ಪಕ್ಕದವನ ಜೊತೆ ಹೊಂದಿಕೊಂಡು ಕಾಯುತ್ತಾನೋ? ಮಂಡಿ, ಭುಜದ ಹಳೆಯ ಪೆಟ್ಟುಗಳ ಲೆಕ್ಕವನ್ನೂ ಹಾಕುತ್ತಾರೆ.

ಒಂದು ಸಲ ಅವಕಾಶ ಸರಿಯಾಗಿ ಸಿಗದಿದ್ದರೆ ಕಥೆ ಮುಗಿಯಿತು ಎಂದುಕೊಳ್ಳಬೇಡಿ. ಪ್ರೊ ಕಬಡ್ಡಿಯ ಬೆಂಗಳೂರು ಬುಲ್ಸ್‌ನಲ್ಲಿ ಶುರುಮಾಡಿದ ರೈಡರ್ ಪವನ್ ಸೆಹ್ರಾವತ್ ನಡುವೆ ಒಂದು ಋತು ಗುಜರಾತ್ ತಂಡದಲ್ಲಿದ್ದು ಮತ್ತೆ ಬುಲ್ಸ್‌ಗೆ ಮರಳಿದರು. 2019ರ ಜನವರಿ 5ರ ಫೈನಲ್‌ನಲ್ಲಿ ಅದೇ ಗುಜರಾತ್ ಎದುರು 22 ಅಂಕ ತಂದು ಬುಲ್ಸ್‌ಗೆ ಮೊದಲ ಪ್ರಶಸ್ತಿ ಗೆದ್ದುಕೊಟ್ಟರು.

ಈಗ ನಿಮ್ಮ ತಮ್ಮನಿಗೆ ನೇರವಾಗಿ ಒಂದು ಮಾತು. ಗುಬ್ಬಿ, ಕುಣಿಗಲ್ ಕಡೆಯ ಹುಡುಗರಿಗೆ ಹೊನಲು ಬೆಳಕಿನ ಪಂದ್ಯಾವಳಿಗಳ ಸೆಳೆತ ದೊಡ್ಡದು. ಆಡಲಿ, ಧೈರ್ಯ ಅಲ್ಲಿ ಬೆಳೆಯುತ್ತದೆ. ಆದರೆ ಅದಕ್ಕಾಗಿ ಕಾಲೇಜು ಬಿಡಬಾರದು. ಅಂತರ ವಿಶ್ವವಿದ್ಯಾಲಯ ಪಂದ್ಯ ಆಡಲು 17ರಿಂದ 25 ವರ್ಷದೊಳಗಿನ ವಿದ್ಯಾರ್ಥಿಯೇ ಆಗಿರಬೇಕು. ಓದು ನಿಂತ ದಿನವೇ ಆ ಬಾಗಿಲು ಮುಚ್ಚುತ್ತದೆ. ಈ ವಾರವೇ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡು ಆಯ್ಕೆ ಶಿಬಿರದ ದಿನಾಂಕ ಕೇಳಲಿ. ಆಡಿದ ಪಂದ್ಯಗಳನ್ನು ಪೂರ್ತಿಯಾಗಿ ವಿಡಿಯೊ ಮಾಡಿಸಿಕೊಳ್ಳಲಿ, ಸೋತ ಪಂದ್ಯಗಳನ್ನೂ ಸೇರಿಸಿ. ಪ್ರೊ ಕಬಡ್ಡಿಯಲ್ಲಿ ಇರುವುದು 12 ತಂಡ. ಎಲ್ಲರಿಗೂ ಜಾಗ ಸಿಗದು. ಆದರೂ ಪದವಿ ಮತ್ತು ವಿಶ್ವವಿದ್ಯಾಲಯ ಮಟ್ಟದ ಪ್ರಮಾಣಪತ್ರ ಎರಡೂ ಕೈಯಲ್ಲಿದ್ದರೆ ರೈಲ್ವೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾಕ್ಕೂ ಧೈರ್ಯವಾಗಿ ಅರ್ಜಿ ಹಾಕಬಹುದು.